ಬೆಡಿ ಸ್ಟೇಷನಿಲಿ, ಮಂಗ ತೋಟಲ್ಲಿ

ಓಟಿನ ದಿನ ಗೊಂತಾದ ಕೂಡ್ಲೆ ಎಂಗಳ ಹೊಡೆಂಗೆ ಮದಾಲು ಬಪ್ಪದು ಅಭ್ಯರ್ಥಿ ಅಲ್ಲ, ಸ್ಟೇಷನಿನ ಫೋನು. "ನಿಮ್ಮ ಕೋವಿ ತಂದು ಠೇವಣಿ ಇಡಿ." ಅಷ್ಟೇ. ಏಕೆ, ಎಷ್ಟು ದಿನಕ್ಕೆ ಹೇಳಿ ಕೇಳುಲೆ ಇಲ್ಲೆ. 2024ರ ಲೋಕಸಭೆ ಓಟಿಂಗೆ ಮಾರ್ಚ್ 16ಕ್ಕೆ ಘೋಷಣೆ ಆತು, ದಕ್ಷಿಣ ಕನ್ನಡಲ್ಲಿ ಎಪ್ರಿಲ್ 26ಕ್ಕೆ ಓಟು, ಲೆಕ್ಕ ಜೂನ್ 4ಕ್ಕೆ. ಎಂಗೊ ಬೆರಳಿಂಗೆ ಮಸಿ ಹಾಕ್ಸಿಗೊಂಡು ಬಂದು ಐದು ವಾರ ಕಳುದರೂ ಬೆಡಿ ಸ್ಟೇಷನಿನ ಕೋಣೆಲೇ ಇತ್ತು. ಅದರ ಮದಲಾಣ ವರ್ಷ ವಿಧಾನಸಭೆದು. ನಡುಕೆ ಪಂಚಾಯತಿಂದು ಬಂದರೆ ಅದಕ್ಕೂ ಹೀಂಗೇ.

ಪೇಟೆಲಿಪ್ಪವಕ್ಕೆ ಬೆಡಿ ಹೇಳಿರೆ ಸಿನೆಮಲ್ಲಿ ಕಾಂಬ ಸಾಮಾನು. ಎಂಗೊಗೆ ಅದು ಕತ್ತಿ, ಕೊಟ್ಟು, ಹಾರೆಯ ಸಾಲಿಂದು. ಹೆಚ್ಚಿನವರತ್ರೆ ಇಪ್ಪದು ಒಂಟಿ ನಳಿಗೆದು. ಎಂಗಳ ಮನೆಲಿಪ್ಪದು ಅಜ್ಜನ ಕಾಲದ ಕೇಪಿನ ಬೆಡಿ. ಮದ್ದು ತುಂಬುಸಿ, ಕೋಲಿಲಿ ಕುಟ್ಟಿ, ಕೇಪು ಮಡುಗಿ ಒಂದರಿ ಹೊಟ್ಟುಸಿರೆ, ಮತ್ತೆ ತುಂಬುಸುಲೆ ಎರಡು ಮೂರು ನಿಮಿಷ ಬೇಕು. ಇದರ ಹಿಡ್ಕೊಂಡು ಆರಾದರೂ ಬೂತಿಂಗೆ ಲೂಟಿಗೆ ಹೋದರೆ, ಎರಡನೇ ಬೆಡಿ ಹೊಟ್ಟುವ ಮದಲೇ ಪೋಲೀಸಿನವು ಚಾಯ ಕುಡುದು ನಿಧಾನಕ್ಕೆ ಬಪ್ಪಲಕ್ಕು!

ಓಟು ಹೆಚ್ಚಾಗಿ ಬಪ್ಪದು ಸೆಕೆಗಾಲಲ್ಲಿ. ಕಾಡಿಲಿ ನೀರು ಆರುದೂ ಅಂಬಗಳೇ. ಮಂಗಂಗೊ ಹಿಂಡು ಕಟ್ಟಿ ತೋಟಕ್ಕೆ ಇಳಿತ್ತವು, ಬೊಂಡ ಒಟ್ಟೆ ಮಾಡಿ ಕುಡುದು ಇಡುಕ್ಕುತ್ತವು, ಕೊಕ್ಕೋ ಕಾಯಿಯ ತಿಂಬದಕ್ಕಿಂತ ಹಾಳು ಮಾಡುದೇ ಜಾಸ್ತಿ. ಇರುಳು ಹಂದಿ ಬಂದರೆ ನೆಟ್ಟ ಅಡಕ್ಕೆ ಸೆಸಿಗಳ ಬುಡ ಅಡಿಮೇಲು. ಮಂಗಂಗೆ ಗುಂಡು ಹೊಡವಲಿಲ್ಲೆ, 1972ರ ವನ್ಯಜೀವಿ ಕಾನೂನು ಇದ್ದು, ಎಂಗೊ ಹೊಡೆತ್ತದೂ ಇಲ್ಲೆ. ಬೇಕಪ್ಪದು ಶಬ್ದ. ಗರ್ನಾಲು ಹೊಟ್ಟುಸಿ ಅಂತೆ. ನಾಲ್ಕು ದಿನ ಹೆದರುಗು, ಐದನೇ ದಿನ ಮರಲ್ಲಿ ಕೂದು ನಮ್ಮನ್ನೇ ನೋಡುಗು. ಬೆಡಿ ಹಿಡುದ ಜೆನವ ಕಂಡರೆ ಮಂಗಂಗೆ ಗೊಂತಾವುತ್ತು. ಅತ್ತೆ ಒಂದೊಂದರಿ ದೊಣ್ಣೆಯನ್ನೇ ಹೆಗಲಿಂಗೆ ಮಡುಗಿ ಬೆಡಿ ಹಾಂಗೆ ಹಿಡಿತ್ತವು. ಸುರುವಿಂಗೆ ಓಡಿದವು, ಈಗ ಆ ಕೆಣಿಯೂ ಅವಕ್ಕೆ ಅಂದಾಜಾಯಿದು.

ಎನ್ನ ತಕರಾರು ಕಾನೂನಿನ ಮೇಲೆ ಅಲ್ಲ, ಅದರ ನಡೆಶುವ ಕ್ರಮದ ಮೇಲೆ. ಚುನಾವಣಾ ಆಯೋಗದ ಸೂಚನೆಲಿ ಎಲ್ಲೋರ ಬೆಡಿಯನ್ನೂ ತೆಕ್ಕೊಳ್ಳೆಕ್ಕು ಹೇಳಿ ಇಲ್ಲೆ. ಜಿಲ್ಲೆಲಿ ಪರಿಶೀಲನಾ ಸಮಿತಿ ಕೂದು, ಜಾಮೀನಿಲಿ ಹೆರ ಬಂದವು, ಅಪರಾಧದ ಚರಿತ್ರೆ ಇಪ್ಪವು, ಮದಲು ಗಲಾಟೆಲಿ ಸಿಕ್ಕಿದವು, ಹೀಂಗಿಪ್ಪವರದ್ದರ ಒಂದೊಂದೇ ನೋಡಿ ತೀರ್ಮಾನ ಮಾಡೆಕ್ಕಾದ್ದು. ಒಂದೊಂದೇ ನೋಡುದು ಬಂಙ. ಪಟ್ಟಿ ತೆಗದು ಎಲ್ಲೋರಿಂಗೂ ಒಂದೇ ಫೋನು ಮಾಡುದು ಸುಲಾಬ. ಕಳ್ಳ ಪಿಸ್ತೂಲು ಮಡಿಕ್ಕೊಂಡವನ ಹೆಸರು ಆ ಪಟ್ಟಿಲಿ ಇರ್ತಿಲ್ಲೆನ್ನೆ! ಎಂಬತ್ತರ ಹತ್ತರೆ ಬಂದ ಎನ್ನ ಮಾವ ಬಸ್ಸಿಲಿ ಬೆಡಿ ಹೊತ್ತುಗೊಂಡು ಹೋಗಿ ಸಾಲಿಲಿ ನಿಂದು ರಶೀದಿ ತಂದವು.

2019ರಲ್ಲಿ ಶಸ್ತ್ರಾಸ್ತ್ರ ಕಾಯಿದೆ ತಿದ್ದುವಗಳೂ ಇದೇ ಸಂಶಯ ಊರಿಲಿ ಇತ್ತು. ಅಂಬಗ ಒಬ್ಬಂಗೆ ಮೂರು ಬೆಡಿ ಮಡುಗಲೆ ಆಗಿಂಡಿತ್ತು. ಕರಡಿಲಿ ಒಂದೇ ಸಾಕು ಹೇಳಿ ಬರದವು, ಆಕ್ಷೇಪ ಬಂದ ಮತ್ತೆ ಎರಡು ಹೇಳಿ ಆತು. ಎಂಗಳ ವಠಾರಲ್ಲಿ ಒಂದರಿಂದ ಹೆಚ್ಚು ಇಪ್ಪವು ಆರೂ ಇಲ್ಲೆ, ಹಾಂಗಾಗಿ ನಷ್ಟ ಆತು ಹೇಳಿ ಸುಮ್ಮನೆ ಕೂಗೆ. ಅದೇ ತಿದ್ದುಪಡಿಲಿ ಲೈಸೆನ್ಸಿನ ಅವಧಿ ಮೂರು ವರ್ಷಂದ ಐದು ಆತು, ಉಪಕಾರ ಆತು. ಮದುವೆ ಮೆರವಣಿಗೆಲಿ ಖುಷಿಗೆ ಗುಂಡು ಹಾರುಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದ ವರೆಗೆ ಜೈಲು ಹೇಳಿ ಆದ್ದೂ ಬೇಕಾದ್ದೇ. ಬೆಡಿ ಇಪ್ಪವು ಎಲ್ಲಾ ತಿದ್ದುಪಡಿಗೂ "ಬೇಡ" ಹೇಳುದು ಎನಗೆ ಸರಿ ಕಾಣ್ತಿಲ್ಲೆ.

ಎನ್ನ ತಮ್ಮ ಅಮೆರಿಕಲ್ಲಿದ್ದ. ಅಲ್ಯಾಣ ಜಗಳ ಬೇರೆಯೇ ನಮುನೆದು, ಗುಂಡು ತಡವ ಅಂಗಿಯ ಮೇಲೆಯೂ ಕಾನೂನು. 2022ರ ಮೇ ತಿಂಗಳಿಲಿ ಬಫೆಲೋಲಿ ಒಬ್ಬ ಅಂಗಡಿಗೆ ನುಗ್ಗಿ ಹತ್ತು ಜೆನರ ಕೊಂದ. ನ್ಯೂಯಾರ್ಕಿನವು ಬೇಗಬೇಗ ಆ ಅಂಗಿ ಮಾರುಲಾಗ ಹೇಳಿ ಕಾನೂನು ತಂದವು. ನೋಡಿರೆ ಕೊಂದವ ಹಾಕಿದ್ದ ಉಕ್ಕಿನ ಹಲಗೆಯ ನಮುನೆದೇ ಅದರಲ್ಲಿ ಬಯಿಂದಿಲ್ಲೆ. ಮತ್ತೆ ತಿದ್ದೆಕ್ಕಾಗಿ ಬಂತು. ತಮ್ಮ ಹೇಳುಗು, "ಅಕ್ಕ, ಇಲ್ಲಿ ಬೆಡಿ ಇಪ್ಪವು ಕಾನೂನಿನ ನಂಬದ್ದದು ಇದಕ್ಕೇ" ಹೇಳಿ. ಆದರೆ ಅಂಗಡಿಂದ ಸುಲಾಬಲ್ಲಿ ಬೆಡಿ ತಪ್ಪ ದೇಶವೂ, ಅರ್ಜಿ ಹಾಕಿ ವರ್ಷ ಕಾವ ಎಂಗಳ ಊರೂ ಒಂದೇ ತಕ್ಕಡಿಲಿ ತೂಗುಲೆ ಎಡಿಯ. ಅಷ್ಟು ಜೀವ ಹೋದ ಜಾಗೆಲಿ ಆನು ಇದ್ದರೆ ಆನೂ ಕಾನೂನು ಬೇಕು ಹೇಳ್ತಿತೆ.

ಒಂಟಿ ಮನೆ, ಇಬ್ರು ಪ್ರಾಯದವು, ಕಳ್ಳರಿಂಗೆ ಬೆಡಿ ಬೇಕು ಹೇಳಿ ಕೆಲವು ಜೆನ ವಾದ ಮಾಡ್ತವು. ಅದು ಎನಗೆ ನಂಬಿಕೆ ಇಲ್ಲೆ. ಎಂಗಳಲ್ಲಿ ಬೆಡಿ ಒಂದು ಕೋಣೆಲಿ ಬೀಗಲ್ಲಿ, ಮದ್ದು ಕೇಪು ಬೇರೆ ಕೋಣೆಲಿ, ಬೀಗದ ಕೈ ಎನ್ನತ್ರೆ. ಮಕ್ಕೊ ಇಪ್ಪ ಮನೆಲಿ ಹಾಂಗೇ ಇರೆಕ್ಕು. ಆನು ಬೀಗ ತೆಗದು, ಮದ್ದು ತುಂಬುಸುವ ವರೆಗೆ ಕಳ್ಳ ಜೆಗಲಿಲಿ ಕಾದು ಕೂರ್ತನೊ?

ಘಟ್ಟದ ಮೇಗೆ ಕೊಡಗಿಲಿ ಕೊಡವರಿಂಗೂ ಜಮ್ಮಾ ಭೂಮಿಯವಕ್ಕೂ 2029ರ ವರೆಗೆ ಲೈಸೆನ್ಸಿನ ವಿನಾಯಿತಿ ಇದ್ದು. ಆಚಿಗೆ ಕೇರಳಲ್ಲಿ 2022ರಿಂದ ಪಂಚಾಯತು ಅಧ್ಯಕ್ಷರಿಂಗೆ ಹಂದಿ ಕೊಲ್ಲುಲೆ ಅನುಮತಿ ಕೊಡುವ ಅಧಿಕಾರ ಬಯಿಂದು, ಲೈಸೆನ್ಸಿಪ್ಪ ಬೆಡಿಯವರ ಅವ್ವೇ ದಿನಿಗೇಳ್ತವು. ನಡುಕೆ ಎಂಗೊ.

ಮಾವ ಈಗ "ಇನ್ನು ಸಾಕು, ಬೆಡಿ ಒಪ್ಪುಸಿ ಬಿಡುವ" ಹೇಳ್ತಾ ಇದ್ದವು. ಒಪ್ಪುಸಿರೆ ಮತ್ತೆ ಹೊಸ ಲೈಸೆನ್ಸು ಸಿಕ್ಕುದು ಸುಲಾಬ ಇಲ್ಲೆ. 2016ರ ನಿಯಮಲ್ಲಿ ಲೈಸೆನ್ಸುದಾರಂಗೆ 70 ವರ್ಷ ಆದರೆ, ಅಥವಾ ಬೆಡಿ ಕೈಲಿ 25 ವರ್ಷ ಇದ್ದರೆ ವಾರಸುದಾರರ ಹೆಸರಿಂಗೆ ಮಾಡ್ಲೆ ಅರ್ಜಿ ಹಾಕುಲಾವುತ್ತು. ಎಂಗಳ ಇವಕ್ಕೆ ಬೆಂಗ್ಳೂರಿಲಿ ಕೆಲಸ, ತಿಂಗಳಿಂಗೊಂದರಿ ಬಪ್ಪದು. ತೋಟಲ್ಲಿಪ್ಪದು ಆನು. ಹಾಂಗಾಗಿ ಎನ್ನ ಹೆಸರಿಲಿ ಹಾಕಿದೆ. ಕಚೇರಿಲಿ ಕಾಗದ ತೆಕ್ಕೊಂಡವು ಕನ್ನಡಕದ ಮೇಗಂದ ನೋಡಿ "ಹೆಂಗಸರಿಗೆ ಯಾಕಮ್ಮ ಕೋವಿ?" ಕೇಳಿದವು. "ಮಂಗ ಹೆಂಗಸರೋ ಗಂಡಸರೋ ಹೇಳಿ ನೋಡಿ ಬತ್ತಿಲ್ಲೆ ಅಣ್ಣ" ಹೇಳಿದೆ. ಅವು ನೆಗೆ ಮಾಡಿ ಮುದ್ರೆ ಒತ್ತಿದವು. ಅರ್ಜಿ ಇನ್ನೂ ಅಲ್ಲೇ ಇದ್ದು. ಮುಂದಾಣ ಓಟಿನ ಮದಲು ಬಂದರೆ, ಆ ಫೋನು ಎನಗೇ ಬಕ್ಕು. ಅಂಬಗ ಆನು ಕೇಳುದು ಎರಡೇ: ಸಮಿತಿ ಎನ್ನ ಹೆಸರು ಏಕೆ ತೆಗದತ್ತು ಹೇಳಿ ಬರದು ಕೊಡಿ, ರಶೀದಿಲಿ ವಾಪಾಸು ಕೊಡುವ ದಿನವನ್ನೂ ಹಾಕಿ.