ಇಂಜಿನಿಗೆ ಬಲವಂತದ ಉಸಿರು



ನಮ್ಮ ನೀಲಗಿರಿಯ ಏರುದಾರಿಯಲ್ಲಿ ಹಳೆಯ ಕಾರುಗಳು ಏದುಸಿರು ಬಿಡುವುದನ್ನು ತಾವೆಲ್ಲರೂ ಕಂಡಿದ್ದೀರಿ. ನಮ್ಮ ಶಾಲೆಯಲ್ಲಿ ಓದಿದ ಯುವಕನೊಬ್ಬನು ತಂದೆಯ ಕಾಲದ ಪೆಟ್ರೋಲ್ ಅಂಬಾಸಿಡರ್ ಕಾರನ್ನು ಊರವರ ಕಷ್ಟಸುಖಕ್ಕೆ ಓಡಿಸುತ್ತಿದ್ದಾನೆ. ಕಳೆದ ತಿಂಗಳು ಅವನು ವ್ಯಾಕ್ಯೂಮ್ ಕ್ಲೀನರಿನಿಂದ ಬಿಚ್ಚಿದ ಬೀಸಣಿಗೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದನು.

"ಮೇಷ್ಟ್ರೇ, ಇದನ್ನು ಬ್ಯಾಟರಿಯ ಮೋಟಾರಿಗೆ ಜೋಡಿಸಿ ಸೂಪರ್‌ಚಾರ್ಜರ್ ಮಾಡುತ್ತೇನೆ. ಬ್ರೇಕಿನ ರಿಪೇರಿಗೆಂದು ಇಟ್ಟ ಹಣವಿದೆ, ಉಳಿದ ಸಾಮಾನಿಗೆ ಸಾಕು" ಎಂದನು. ನಾವು ನಕ್ಕುಬಿಟ್ಟೆವು. ಅದು ನಮ್ಮ ತಪ್ಪು.

ಅವನ ತರ್ಕದಲ್ಲಿ ಹುರುಳಿತ್ತು. ಸುಮಾರು ೨,೨೪೦ ಮೀಟರ್ ಎತ್ತರದ ಉದಕಮಂಡಲದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು. ಗಾಳಿ ಕಡಿಮೆಯಾದರೆ ಉರಿಯುವ ಪೆಟ್ರೋಲೂ ಕಡಿಮೆ, ಬಲವೂ ಕಡಿಮೆ. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಅವರು ೧೪,೦೦೦ ಅಡಿ ಮೀರಿದ ಪೈಕ್ಸ್ ಪೀಕ್ ಶಿಖರಕ್ಕೆ ಲಿಬರ್ಟಿ ವಿಮಾನದ ಇಂಜಿನನ್ನು ಒಯ್ದು ಪರೀಕ್ಷಿಸಿದರು. ಕೆಳಗೆ ೩೫೦ ಅಶ್ವಶಕ್ತಿಯಿದ್ದುದು ಮೇಲೆ ೨೩೦ಕ್ಕೆ ಇಳಿದಿತ್ತು. ಹೊರಬರುವ ಹೊಗೆಯ ರಭಸದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಯಂತ್ರವನ್ನು ಜೋಡಿಸಿದೊಡನೆ ೩೫೬ಕ್ಕೆ ಏರಿತು.

ಹಾಗಾದರೆ ಬೀಸಣಿಗೆ ಏಕೆ ಸಾಲದು? ಹಲಗೆಯ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ೧,೪೮೯ ಘನ ಸೆಂಟಿಮೀಟರಿನ ಇಂಜಿನು ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಕೊಳ್ಳುತ್ತದೆ. ನಿಮಿಷಕ್ಕೆ ೩,೦೦೦ ಸುತ್ತು ತಿರುಗಿದರೆ ಸುಮಾರು ೨,೨೦೦ ಲೀಟರ್ ಗಾಳಿ ಬೇಕು. ಅಷ್ಟು ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡಲು ಎರಡು ಕಿಲೋವ್ಯಾಟಿಗೂ ಮಿಕ್ಕ ಶಕ್ತಿ ತಗಲುತ್ತದೆ. ೧೨ ವೋಲ್ಟಿನ ಬ್ಯಾಟರಿಯಿಂದ ಅದನ್ನು ಎಳೆಯಲು ೧೬೦ ಆಂಪಿಯರಿಗೂ ಹೆಚ್ಚು ಬೇಕು! ಆದ್ದರಿಂದಲೇ ನಿಜವಾದ ಸೂಪರ್‌ಚಾರ್ಜರನ್ನು ಇಂಜಿನಿನ ಕ್ರ್ಯಾಂಕಿನಿಂದ ಬೆಲ್ಟು ಅಥವಾ ಹಲ್ಲುಚಕ್ರದ ಮೂಲಕ ತಿರುಗಿಸುತ್ತಾರೆ.

"ಬೆಲ್ಟನ್ನೇ ಹಾಕಿದರೆ?" ಎಂದು ಕೇಳಿದನು. ಒಳ್ಳೆಯ ಪ್ರಶ್ನೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪಿನ ತುದಿಯನ್ನು ಮುಟ್ಟಿದವರಿಗೆ ಇದು ತಿಳಿದದ್ದೇ. ಒಂದೂವರೆ ಪಟ್ಟು ಒತ್ತಿದರೆ ೨೭ ಡಿಗ್ರಿಯ ಗಾಳಿ ೬೦ ಡಿಗ್ರಿಯನ್ನು ದಾಟುತ್ತದೆ. ಆ ಕಾವು ಹಾಗೂ ಒತ್ತಡಕ್ಕೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯಬಹುದು. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಹೆಚ್ಚಿದ ಗಾಳಿಗೆ ತಕ್ಕ ಪೆಟ್ರೋಲು ಹೋಗದಿದ್ದರಂತೂ ಪಿಸ್ಟನ್ನೇ ತೂತಾದೀತು. ಮೇಲಾಗಿ, ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ ತಯಾರಕರು ನಿಗದಿಪಡಿಸಿದ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ.

ಹುಡುಗನ ಮುಖ ಬಾಡಿತು. ನಾವು ಅವನೊಡನೆ ಮೆಕ್ಯಾನಿಕ್ಕಿನ ಬಳಿಗೆ ಹೋದೆವು. ಗಾಳಿ ಶೋಧಕವು ಧೂಳಿನಿಂದ ಕಟ್ಟಿತ್ತು. ವಾಲ್ವುಗಳ ಸಂದು ತಪ್ಪಿತ್ತು. ಎತ್ತರದ ತೆಳುಗಾಳಿಗೆ ಕಾರ್ಬುರೇಟರು ಪೆಟ್ರೋಲನ್ನು ಅತಿಯಾಗಿ ಕೊಡುತ್ತಿತ್ತು. ಇವೆಲ್ಲ ಸರಿಯಾದ ಮೇಲೆ ಕಾರು ಮೊದಲಿಗಿಂತ ಹಗುರಾಗಿ ಏರಿತು. ಬ್ರೇಕಿನ ಹಣ ಬ್ರೇಕಿಗೇ ಹೋಯಿತು; ಏರಿದ ಕಾರು ಇಳಿಯಲೂ ಬೇಕಷ್ಟೆ.

ಮೂವತ್ತು ವರ್ಷ ನಾವು "ಗಾಳಿಗೆ ತೂಕವಿದೆ" ಎಂದು ಪಾಠ ಹೇಳಿದ್ದೇವೆ. ಆ ತೂಕವನ್ನು ಕಾರಿಗೆ ಹೊಂದಿಸಿ ಯೋಚಿಸಿದವನು ಇವನೊಬ್ಬನೇ. ಆ ಬೀಸಣಿಗೆ ಈಗ ನಮ್ಮ ಶಾಲೆಯ ಮೇಜಿನ ಮೇಲಿದೆ. ಮುಂದಿನ ಶನಿವಾರ ಅದನ್ನಿಟ್ಟುಕೊಂಡು ಮಕ್ಕಳಿಗೆ ಪಾಠ ಹೇಳಲು ಅವನನ್ನೇ ಕರೆದಿದ್ದೇವೆ.