ಅರಸರ ರಥ, ಜನರ ಬಸ್ಸು

ಮೈಸೂರಿನ ಅರಸರು ರೋಲ್ಸ್-ರಾಯ್ಸ್ ಕಾರುಗಳನ್ನು ಒಂದೊಂದಾಗಿ ಕೊಳ್ಳದೆ ಏಳೇಳಾಗಿ ತರಿಸುತ್ತಿದ್ದರೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಲೆಕ್ಕವೇನೇ ಇರಲಿ, ಆ ಕಾಲದಲ್ಲಿ ಸಿರಿವಂತಿಕೆಯ ಹೆಗ್ಗುರುತಾಗಿದ್ದುದು ಆ ಸಂಸ್ಥೆಯ ‘ಸಿಲ್ವರ್ ಘೋಸ್ಟ್’. ಅದನ್ನು ಅದೇ ಮನೆತನದ ಇಂದಿನ ಕುಡಿಯಾದ, 2017ರಲ್ಲಿ ಹೊರಬಂದ ಫ್ಯಾಂಟಮ್‌ನೊಡನೆ ತೂಗಿ ನೋಡುವುದಾದರೆ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ದಾರಿಯೋ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯೋ ತಕ್ಕ ಒರೆಗಲ್ಲು.

1906ರಲ್ಲಿ ಹುಟ್ಟಿದ ಸಿಲ್ವರ್ ಘೋಸ್ಟ್‌ಗೆ ಆರು ಸಿಲಿಂಡರು. ಎಂಜಿನ್ನಿನ ಗಾತ್ರ ಏಳು ಲೀಟರಿಗೂ ಮಿಗಿಲು. ಸದ್ದಿಲ್ಲದ ಓಟವೇ ಅದರ ಕೀರ್ತಿ. ಕಾರ್ಖಾನೆ ಕೊಡುತ್ತಿದ್ದುದು ಅಡಿಗಟ್ಟು ಮತ್ತು ಎಂಜಿನ್ನು ಮಾತ್ರ. ಮೇಲಿನ ಮೈಯನ್ನು ಕುಶಲಿಗಳು ಕೈಯಿಂದ ಕಟ್ಟುತ್ತಿದ್ದರು. ಆದರೆ 1919ರವರೆಗೆ ಅದನ್ನು ಹಿಡಿಕೆ ತಿರುಗಿಸಿಯೇ ಚಾಲೂ ಮಾಡಬೇಕಿತ್ತು. ಸುಮಾರು 1924ರ ತನಕ ಬ್ರೇಕು ತಡೆಯುತ್ತಿದ್ದುದು ಹಿಂದಿನ ಚಕ್ರಗಳನ್ನಷ್ಟೇ. ಇಂಥ ಇಳಿಜಾರಿನಲ್ಲಿ ಒಳಗೆ ಕುಳಿತವರ ಪ್ರಾಣವು ತಿರುವಿಗೆ ಮುಂಚೆಯೇ ಗೇರು ಇಳಿಸಬಲ್ಲ ಚಾಲಕನ ಅನುಭವವನ್ನು ನಂಬಿತ್ತು.

ಇಂದಿನ ಫ್ಯಾಂಟಮ್‌ಗೆ ಹನ್ನೆರಡು ಸಿಲಿಂಡರು, 6.75 ಲೀಟರು, 563 ಅಶ್ವಶಕ್ತಿ. ಮುಂಗಾಜಿನ ಕ್ಯಾಮೆರಾ ದಾರಿಯ ಉಬ್ಬುತಗ್ಗುಗಳನ್ನು ಮೊದಲೇ ಕಂಡು ಗಾಲಿಗಳ ತಾಳಿಕೆಯನ್ನು ಹೊಂದಿಸುತ್ತದೆ. ಉಪಗ್ರಹದ ಸುಳಿವಿನಿಂದ ತಿರುವನ್ನರಿತು ಯಂತ್ರವೇ ಗೇರು ಆರಿಸುತ್ತದೆ. ಅಂದು ಚಾಲಕನ ಕೈಯಲ್ಲಿದ್ದ ವಿವೇಕ ಇಂದು ಯಂತ್ರದೊಳಗೆ ಸೇರಿದೆ. 2015ರಲ್ಲಿ ‘ಸೆರೆನಿಟಿ’ ಎಂಬ ಒಂದು ಫ್ಯಾಂಟಮ್‌ನ ಒಳಮೈಗೆ ಚಿತ್ರ ಬರೆದ ರೇಷ್ಮೆಯನ್ನೇ ಹೊದಿಸಿದ್ದರೆಂದರೆ ಕೊಳ್ಳೇಗಾಲದ ನೇಕಾರರು ಹುಬ್ಬೇರಿಸಿಯಾರು.

ಹಾಗಾದರೆ ಮೇಲು ಯಾವುದು? ಕೈಗೆಲಸದ ಸೊಬಗಿಗೆ ಹಳೆಯದು, ಪ್ರಾಣರಕ್ಷಣೆಗೆ ಹೊಸದು ಎಂದು ತೀರ್ಪು ಕೊಟ್ಟು ಸುಮ್ಮನಾಗಬಹುದು. ಆದರೆ ಅದೇ ದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಏದುಸಿರು ಬಿಡುತ್ತ ಏರುವ ಬಸ್ಸನ್ನು ಗಮನಿಸಬೇಕು. ಗುಂಡಿ ಒತ್ತಿದರೆ ಅಥವಾ ಕೀಲಿ ತಿರುಗಿಸಿದರೆ ಅದು ಹೊರಡುತ್ತದೆ; ಅದರ ಎಲ್ಲ ಚಕ್ರಗಳಿಗೂ ಬ್ರೇಕುಂಟು. 1910ರ ಸಿಲ್ವರ್ ಘೋಸ್ಟ್‌ನಲ್ಲಿ ಕುಳಿತ ಅರಸನಿಗೂ ಇಲ್ಲದಿದ್ದ ಭಾಗ್ಯವಿದು. ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ 1978ರಲ್ಲಿ ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್‌ಗೆ ಬಂದಾಗ, ಹೆಚ್ಚಿನ ಹಣ ತೆತ್ತವರಿಗಷ್ಟೇ ದೊರೆಯುತ್ತಿತ್ತು. 2019ರಲ್ಲಿ ಭಾರತದ ಹೊಸ ಕಾರುಗಳೆಲ್ಲಕ್ಕೂ, ಅತಿ ಸಣ್ಣದಕ್ಕೂ, ಅದು ಕಡ್ಡಾಯವಾಯಿತು.

ಸಿರಿವಂತರ ಕಾರಿನ ರೇಷ್ಮೆ ಅವರಲ್ಲಿಯೇ ಉಳಿಯುತ್ತದೆ; ಅದರ ಬ್ರೇಕು ಮಾತ್ರ ತಡವಾಗಿಯಾದರೂ ಎಲ್ಲರ ಮನೆಗೆ ಬರುತ್ತದೆ. ಆ ತಡ ಎಷ್ಟು ವರ್ಷದ್ದೆಂಬುದೇ ಕೇಳಬೇಕಾದ ಪ್ರಶ್ನೆ. ಎಬಿಎಸ್‌ನ ಪಾಲಿಗೆ ಅದು ನಲವತ್ತೊಂದು ವರ್ಷ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯಕ್ಕೆ ಮಕ್ಕಳೊಡನೆ ಹೋಗುವವರು ಹಳೆಯ ಕಾರುಗಳ ಹೊಳಪನ್ನು ನೋಡಿ ದಣಿದ ಮೇಲೆ, ಒಮ್ಮೆ ಬಗ್ಗಿ ಅವುಗಳ ಮುಂದಿನ ಚಕ್ರಗಳನ್ನೂ ನೋಡಿ ಬರುವುದು ಒಳಿತು.