ನ್ಯೂಸ್‌ಗ್ರೂಪ್ ಸೇವೆಯ ಗುಣಮಟ್ಟ: ಗುಜರಾತಿನ ಮೂರು ನಗರಗಳ ಕನ್ನಡಿಗ ಚಂದಾದಾರರ ಮನವಿ ಪತ್ರ

ಸ್ಥಳ: ವಡೋದರಾ
ದಿನಾಂಕ: 1 ನವೆಂಬರ್ 2025

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್),
ನವದೆಹಲಿ.

ಇವರಿಂದ,
ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗ ಬ್ರಾಡ್‌ಬ್ಯಾಂಡ್ ಚಂದಾದಾರರು.

ವಿಷಯ: ಅಂತರ್ಜಾಲ ಸೇವಾದಾರರ ನ್ಯೂಸ್‌ಗ್ರೂಪ್ ಸೇವೆಯ ಗುಣಮಟ್ಟ ಮತ್ತು ಅದನ್ನು ಹೇಳದೆ ಕೇಳದೆ ನಿಲ್ಲಿಸುತ್ತಿರುವುದರ ಬಗ್ಗೆ.

ಮಾನ್ಯರೇ,

ಈ ಮನವಿಯನ್ನು ಕನ್ನಡದಲ್ಲಿ ಬರೆದಿದ್ದೇವೆ. ಕುಂದುಕೊರತೆ ಹೇಳಿಕೊಳ್ಳುವವರು ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ತಮ್ಮ ಕಚೇರಿಯ ಅನುಕೂಲಕ್ಕೆಂದು ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿದ್ದೇವೆ. ಬಿಡಿ ಗ್ರಾಹಕರ ದೂರುಗಳನ್ನು ಟ್ರಾಯ್ ಇತ್ಯರ್ಥ ಮಾಡುವುದಿಲ್ಲ ಎಂಬುದೂ ನಮಗೆ ಗೊತ್ತು. ನಾವು ಕೇಳುತ್ತಿರುವುದು ಒಬ್ಬಿಬ್ಬರ ಬಿಲ್ಲಿನಲ್ಲಿ ರಿಯಾಯಿತಿಯನ್ನಲ್ಲ. ಸೇವೆಯ ಗುಣಮಟ್ಟ ಗೊತ್ತುಪಡಿಸುವ, ಕಾಲಕಾಲಕ್ಕೆ ಅದರ ಸಮೀಕ್ಷೆ ನಡೆಸುವ ಹೊಣೆಯನ್ನು 1997ರ ಟ್ರಾಯ್ ಕಾಯ್ದೆಯ 11ನೇ ಕಲಂ ಪ್ರಾಧಿಕಾರಕ್ಕೆ ವಹಿಸಿದೆ. ನಮ್ಮ ಮನವಿ ಆ ಹೊಣೆಗೆ ಸಂಬಂಧಿಸಿದ್ದು.

ಸಹಿ ಹಾಕಿರುವವರಲ್ಲಿ ಅಹಮದಾಬಾದಿನ ಸಂಶೋಧನಾ ಸಂಸ್ಥೆಗಳಿಂದ ನಿವೃತ್ತರಾದವರಿದ್ದಾರೆ, ವಡೋದರಾದ ರಾಸಾಯನಿಕ ಕಾರ್ಖಾನೆಗಳ ಎಂಜಿನಿಯರುಗಳಿದ್ದಾರೆ, ಸೂರತ್ತಿನಲ್ಲಿ ಹೋಟೆಲು ಇಟ್ಟಿರುವ ಉಡುಪಿ ಕಡೆಯವರಿದ್ದಾರೆ. ಕಾಲೇಜಿಗೆ ಹೋಗುವ ಮಕ್ಕಳೂ ಇದ್ದಾರೆ. ಅವರಲ್ಲಿ ಕೆಲವರು ನ್ಯೂಸ್‌ಗ್ರೂಪ್ ಎಂದರೇನು ಎಂದು ಕೇಳಿ ತಿಳಿದುಕೊಂಡ ಮೇಲೆ ಸಹಿ ಹಾಕಿದರು. ಹಾಗಾಗಿ ಎರಡು ಮಾತು.

ಹೆಸರಿನಲ್ಲಿ ಸುದ್ದಿ ಇದ್ದರೂ ಇದು ಸುದ್ದಿಯ ಸೇವೆಯಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ 1979ರಲ್ಲಿ ಯೋಚಿಸಿದ ಯೂಸ್‌ನೆಟ್ ಎಂಬ ಏರ್ಪಾಡಿನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಗುಂಪು. ಇದಕ್ಕೆ ಒಬ್ಬ ಯಜಮಾನನಿಲ್ಲ. ಒಂದು ಸರ್ವರಿಗೆ ಹಾಕಿದ ಬರಹ ಪಕ್ಕದ ಸರ್ವರಿಗೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಕೈಯಿಂದ ಕೈಗೆ ದಾಟುತ್ತ ಲೋಕವೆಲ್ಲ ಸುತ್ತುತ್ತದೆ. ಆದ್ದರಿಂದ ಓದುಗನಿಗೆ ಏನು ಸಿಗುತ್ತದೆ ಎಂಬುದು ಅವನ ಸೇವಾದಾರ ಇಟ್ಟಿರುವ ಸರ್ವರಿನ ಮೇಲೇ ನಿಂತಿದೆ: ಎಷ್ಟು ಗುಂಪುಗಳನ್ನು ತರಿಸುತ್ತಾರೆ, ಬಂದ ಬರಹವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನಾವು ಬರೆದದ್ದು ನಿಜಕ್ಕೂ ಹೊರಗೆ ಹೋಗುತ್ತದೆಯೇ. ಸರ್ವರ್ ಚೆನ್ನಾಗಿಲ್ಲದಿದ್ದರೆ ಆಗುವುದು ಹೀಗೆ: ಪ್ರಶ್ನೆ ಅಳಿಸಿಹೋಗಿರುತ್ತದೆ, ಅದಕ್ಕೆ ಬಂದ ನಾಲ್ಕನೇ ಉತ್ತರ ಮಾತ್ರ ಕಾಣುತ್ತದೆ. ಅರ್ಧರಾತ್ರಿ ಕಳೆದ ಮೇಲೆ ಯಕ್ಷಗಾನ ನೋಡಲು ಹೋದಂತೆ.

ನಮ್ಮ ಪಾಲಿಗೆ ಇದು ಬರೀ ತಂತ್ರಜ್ಞಾನವಾಗಿರಲಿಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರ್ಜಾಲ ತೆರೆದ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಶೆಲ್ ಖಾತೆಯಲ್ಲಿ ಚಿತ್ರ ಕಾಣುತ್ತಿರಲಿಲ್ಲ, ಅಕ್ಷರ ಮಾತ್ರ. ನ್ಯೂಸ್‌ಗ್ರೂಪಿಗೆ ಅಷ್ಟೇ ಸಾಕಿತ್ತು. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪಿನಲ್ಲಿ ಊರು ಬಿಟ್ಟ ಕನ್ನಡಿಗರು ರೋಮನ್ ಅಕ್ಷರಗಳಲ್ಲೇ ಕನ್ನಡ ಬರೆದು ಜಗಳವಾಡುತ್ತಿದ್ದರು, ಹಬ್ಬದಡುಗೆಯ ವಿಧಾನ ಕೇಳುತ್ತಿದ್ದರು. ವಡೋದರಾದಲ್ಲಿರುವ ನಮಗೆ ರೆಕ್.ಮ್ಯೂಸಿಕ್.ಇಂಡಿಯನ್.ಕ್ಲಾಸಿಕಲ್ ಇನ್ನೂ ಹತ್ತಿರದ್ದು. ಬರೋಡಾ ಆಸ್ಥಾನದಲ್ಲಿ ಹಾಡುತ್ತಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಅವರ ಬಳಿ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಈ ಊರಿಗೂ ಧಾರವಾಡ ಸೀಮೆಗೂ ಇರುವ ಆ ನಂಟಿನ ಬಗ್ಗೆ ಮಾತಾಡಲು ಜನ ಸಿಗುತ್ತಿದ್ದದ್ದು ಅಲ್ಲಿ. ಮನವಿ ಪತ್ರದಲ್ಲಿ ಇಷ್ಟು ಬೇಕಿರಲಿಲ್ಲವೇನೋ. ಕಳೆದುಕೊಂಡದ್ದು ಏನು ಎಂದು ಹೇಳದೆ ಬೇಡಿಕೆ ಇಟ್ಟರೆ ಅದು ಬರೀ ಪೋರ್ಟ್ ಸಂಖ್ಯೆಗಳ ಪಟ್ಟಿಯಾದೀತು.

1998ರ ನವೆಂಬರ್‌ನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದ ನೀತಿ ಅಹಮದಾಬಾದನ್ನು ಬೆಂಗಳೂರು, ಹೈದರಾಬಾದ್, ಪುಣೆಗಳ ಜೊತೆ ದೊಡ್ಡ ಟೆಲಿಫೋನ್ ವ್ಯವಸ್ಥೆಗಳ ಸಾಲಿಗೆ ಸೇರಿಸಿ ಬಿ ವರ್ಗದ ಪರವಾನಗಿಯ ವ್ಯಾಪ್ತಿಗೆ ತಂದಿತು. ಸ್ಪರ್ಧೆ ಬಂತು, ದರ ಇಳಿಯಿತು. ನಮ್ಮಲ್ಲೊಬ್ಬರು ಆ ಕಾಲದ ಒಂದು ಡಯಲ್‌ಅಪ್ ಕಿಟ್ಟಿನ ಕರಪತ್ರ ಎತ್ತಿಟ್ಟಿದ್ದಾರೆ. ಬ್ರೌಸಿಂಗ್, ಇ-ಮೇಲ್, ನ್ಯೂಸ್‌ಗ್ರೂಪ್ ಎಂದು ಮೂರು ಸೇವೆಗಳು ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚಾಗಿವೆ. ಮೂರನೆಯದು ಯಾವತ್ತು ನಿಂತಿತೆಂದು ನಮಗೆ ಯಾರೂ ತಿಳಿಸಲಿಲ್ಲ. ಒಂದು ದಿನ ಸರ್ವರ್ ಉತ್ತರ ಕೊಡಲಿಲ್ಲ, ಅಷ್ಟೆ. ಶುಲ್ಕದಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ.

ಸೇವಾದಾರರ ಕಷ್ಟ ನಮಗೆ ಅರ್ಥವಾಗದ್ದೇನಲ್ಲ. ಅಕ್ಷರಕ್ಕೆಂದು ಹುಟ್ಟಿದ ವ್ಯವಸ್ಥೆಗೆ ಜನ ಸಿನಿಮಾ, ತಂತ್ರಾಂಶಗಳ ಕಡತ ತುಂಬಿದರು. ಕದ್ದ ಮಾಲೂ ಬಂತು, ಜಾಹೀರಾತಿನ ಕಸವೂ ಬಂತು. ಅಮೆರಿಕದ ದೊಡ್ಡ ಕಂಪನಿಗಳೇ 2008ರ ಸುಮಾರಿಗೆ ಕೈಬಿಡತೊಡಗಿದವು, ಹುಟ್ಟಿದ ಮನೆಯಾದ ಡ್ಯೂಕ್ ವಿಶ್ವವಿದ್ಯಾಲಯ 2010ರಲ್ಲಿ ತನ್ನ ಸರ್ವರ್ ಮುಚ್ಚಿತು. ಆಗ ನಾವೆಲ್ಲ ಗೂಗಲ್ ಗ್ರೂಪ್ಸ್ ಮೂಲಕ ಓದಿಕೊಂಡೆವು. 2024ರ ಫೆಬ್ರವರಿ 22ರಿಂದ ಅದೂ ಇಲ್ಲ; ಹಳೆಯ ಬರಹ ಓದಬಹುದು, ಹೊಸದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ಗೂಗಲ್ ಎರಡು ತಿಂಗಳು ಮೊದಲೇ ಪ್ರಕಟಣೆ ಹೊರಡಿಸಿತು. ಕಾಸು ತೆಗೆದುಕೊಳ್ಳದ ಕಂಪನಿ ತೋರಿಸಿದ ಮರ್ಯಾದೆಯನ್ನು ಕಾಸು ತೆಗೆದುಕೊಂಡವರು ತೋರಿಸಲಿಲ್ಲ.

ಈಗ ಉಳಿದಿರುವುದು ಹೊರದೇಶಗಳಲ್ಲಿರುವ ಉಚಿತ ಅಥವಾ ಬಾಡಿಗೆಯ ಸರ್ವರುಗಳು. ತೊಡಕು ಇಲ್ಲೇ. ವಡೋದರಾದ ಅಲ್ಕಾಪುರಿಯ ಸದಸ್ಯರೊಬ್ಬರ ಮನೆಯಲ್ಲಿ ನಾಲ್ಕೈದು ಜನ ಕೂತು ಪರೀಕ್ಷಿಸಿದೆವು. ಮನೆಯ ಫೈಬರ್ ಸಂಪರ್ಕದಲ್ಲಿ ವೇಗ ಪರೀಕ್ಷೆಯ ಮುಳ್ಳು ಕೊನೆಗೆ ಮುಟ್ಟುತ್ತದೆ. ನ್ಯೂಸ್‌ರೀಡರ್ ತೆರೆದು 119ನೇ ಪೋರ್ಟಿನಲ್ಲಿ ಸಂಪರ್ಕಿಸಿದರೆ ಚಕ್ರ ತಿರುಗಿ ತಿರುಗಿ ಸಮಯ ಮೀರಿತು ಎನ್ನುತ್ತದೆ. ಗೂಢಲಿಪಿಯ 563ನೇ ಪೋರ್ಟಿನಲ್ಲೂ ಅದೇ ಕತೆ. ಅದೇ ಲ್ಯಾಪ್‌ಟಾಪನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿದೆವು. ಅದೇ ಸರ್ವರ್ ಎರಡು ಸೆಕೆಂಡಿನಲ್ಲಿ ಗುಂಪುಗಳ ಪಟ್ಟಿ ಕೊಟ್ಟಿತು. ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗ ಕೇಳಿದ್ದು ಒಂದೇ: "ಗೂಗಲ್ ಖೂಲೇ ಛೇ ನೇ?" ಗೂಗಲ್ ತೆರೆಯುತ್ತದೆ ತಾನೇ ಎಂದು. ಹೌದು ಎಂದೆವು. "ತೋ ನೆಟ್ ಚಾಲು ಛೇ, ಸಾಹೇಬ್." ಹತ್ತು ನಿಮಿಷದೊಳಗೆ ದೂರು ಬಗೆಹರಿದಿದೆ ಎಂಬ ಸಂದೇಶ ಬಂತು. ಹುಡುಗನದು ತಪ್ಪಿಲ್ಲ, ಅವನ ಮುಂದಿನ ಪರದೆಯಲ್ಲಿ ಬೇರೆ ಪ್ರಶ್ನೆಯೇ ಇರಲಿಕ್ಕಿಲ್ಲ.

ಸೂರತ್ತಿನ ಅಡಾಜಣದಲ್ಲಿರುವ ನಮ್ಮವರದು ಇನ್ನೊಂದು ಪಾಡು. ಅಲ್ಲಿ ಸಂಪರ್ಕ ಸಿಗುತ್ತದೆ, ಓದಬಹುದು, ಬರೆದರೆ ಸರ್ವರ್ ತಿರಸ್ಕರಿಸುತ್ತದೆ. ಸೇವಾದಾರ ನೂರಾರು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚಿರುವುದರಿಂದ ಯಾರೋ ಒಬ್ಬ ಕಸ ಸುರಿದರೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಇವು ಗುಣಮಟ್ಟದ ಯಾವ ಅಳತೆಗೂ ಸಿಗುವುದಿಲ್ಲ. ಪ್ರಾಧಿಕಾರದ 2006ರ ಬ್ರಾಡ್‌ಬ್ಯಾಂಡ್ ನಿಯಮಾವಳಿ ಚಂದಾದಾರನಿಗೆ ಹೇಳಿದ ವೇಗದ ಶೇ. 80ಕ್ಕಿಂತ ಹೆಚ್ಚು ಸಿಗಬೇಕೆಂದಿತು, ಪ್ಯಾಕೆಟ್ ನಷ್ಟ ಶೇ. 1ಕ್ಕಿಂತ ಕಡಿಮೆ ಇರಬೇಕೆಂದಿತು. ಅದರ ಜಾಗಕ್ಕೆ ಬಂದ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ರಸ್ತೆ ಎಷ್ಟು ಅಗಲ ಎಂದು ಅಳೆಯುವುದು ಸರಿಯೇ, ಆದರೆ ಕೆಲವು ಊರಿನ ಬಸ್ಸನ್ನು ಆ ರಸ್ತೆಗೆ ಬಿಡುತ್ತಲೇ ಇಲ್ಲ ಎಂಬುದು ಆ ಅಳತೆಯಲ್ಲಿ ಕಾಣುವುದಿಲ್ಲ. ಟ್ರಾಯ್ ಶಿಫಾರಸಿನ ಮೇಲೆ ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿದ ನೆಟ್ ನ್ಯೂಟ್ರಾಲಿಟಿ ತತ್ವದಂತೆ ಯಾವ ಕಾನೂನುಬದ್ಧ ವಿಷಯವನ್ನೂ, ಸೇವೆಯನ್ನೂ ತಡೆಯುವಂತಿಲ್ಲ, ನಿಧಾನಿಸುವಂತಿಲ್ಲ. ನ್ಯೂಸ್‌ಗ್ರೂಪ್ ಈ ಮಾತಿನ ಹೊರಗಿನದಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

ಮುಖ್ಯವಾದದ್ದು ಒಂದು. ಚಂದಾದಾರನಿಗೆ ಕೊಟ್ಟ ಯಾವುದೇ ಸೇವೆಯನ್ನು ನಿಲ್ಲಿಸುವ, ಯಾವುದೇ ಪೋರ್ಟನ್ನು ಮುಚ್ಚುವ ಮೊದಲು ಕನಿಷ್ಠ 30 ದಿನಗಳ ಲಿಖಿತ ಸೂಚನೆ ಕಡ್ಡಾಯವಾಗಬೇಕು. ಸೂಚನೆಯಲ್ಲಿ ಕಾರಣವಿರಬೇಕು, ಭದ್ರತೆಗೆಂದು ಮುಚ್ಚಿದ್ದರೆ ಹಾಗೆಂದೇ ಬರೆಯಲಿ, ನಾವು ಒಪ್ಪುತ್ತೇವೆ. ಮುಚ್ಚಿರುವ ಪೋರ್ಟುಗಳ ಪಟ್ಟಿ ಪ್ರತಿ ಸೇವಾದಾರರ ಜಾಲತಾಣದಲ್ಲಿ, ದರಪಟ್ಟಿಯ ಪಕ್ಕದಲ್ಲೇ ಇರಬೇಕು. ಹೊಸ ಸಂಪರ್ಕ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಇಡೀ ಅಂತರ್ಜಾಲವೋ ಅದರ ಒಂದು ತುಂಡೋ ಎಂಬುದು ಮೊದಲೇ ಗೊತ್ತಾಗಬೇಕು.

ಸಮೀಕ್ಷೆ ನಡೆಸುವಾಗ ವೆಬ್ ವೇಗದ ಜೊತೆ 119 ಮತ್ತು 563 ಪೋರ್ಟುಗಳ ಸಂಪರ್ಕವನ್ನೂ ಪರೀಕ್ಷಿಸಬೇಕು. ಫಲಿತಾಂಶವನ್ನು ನಗರವಾರು ಕೊಡಬೇಕು. ಗುಜರಾತ್ ಸೇವಾ ವಲಯದಲ್ಲಿ ದಮನ್, ದಾದ್ರಾ ಮತ್ತು ನಗರ್ ಹವೇಲಿಗಳೂ ಸೇರಿವೆ. ಕಚ್ಛದಿಂದ ಸಿಲ್ವಾಸಾವರೆಗೆ ಸರಾಸರಿ ತೆಗೆದರೆ ಅಹಮದಾಬಾದಿನ ಮಣಿನಗರದ ಒಂದು ಗಲ್ಲಿಯ ತೊಂದರೆ ಅದರಲ್ಲಿ ಕರಗಿಹೋಗುತ್ತದೆ.

2012ರ ದೂರು ಪರಿಹಾರ ನಿಯಮಾವಳಿ ಡಾಕೆಟ್ ಸಂಖ್ಯೆಯನ್ನೂ, ಮೇಲ್ಮನವಿ ಪ್ರಾಧಿಕಾರವನ್ನೂ, 39 ದಿನಗಳ ಗಡುವನ್ನೂ ಕೊಟ್ಟಿದೆ. ಇವೆಲ್ಲ ಇದ್ದೂ "ಬಗೆಹರಿದಿದೆ" ಎಂಬ ಒಂದು ಪದ ದೂರನ್ನು ಮುಗಿಸುತ್ತದೆ. ಏನು ಪರೀಕ್ಷಿಸಿದರು, ಏನು ಸರಿಪಡಿಸಿದರು ಎಂದು ಬರೆಯದೆ, ಚಂದಾದಾರನ ಒಪ್ಪಿಗೆ ಪಡೆಯದೆ ಡಾಕೆಟ್ ಮುಚ್ಚಬಾರದು.

ಐಪಿ ವಿಳಾಸ ಹಂಚಿಕೆಯಿಂದ ಸೇವೆ ಕೆಟ್ಟರೆ ಕೇಳಿದವರಿಗೆ ಹೆಚ್ಚಿನ ಶುಲ್ಕವಿಲ್ಲದೆ ಐಪಿವಿ6 ವಿಳಾಸ ಕೊಡಬೇಕು.

ಕೊನೆಯದಾಗಿ, ಅಕ್ಷರರೂಪದ ಗುಂಪುಗಳಿಗೆ ಮಾತ್ರ ಸೀಮಿತವಾದ ಒಂದು ಸಾರ್ವಜನಿಕ ನ್ಯೂಸ್ ಸರ್ವರನ್ನು ದೇಶದೊಳಗೆ ನಡೆಸುವಂತೆ ದೂರಸಂಪರ್ಕ ಇಲಾಖೆಗೆ ಶಿಫಾರಸು ಮಾಡಬೇಕು. ಸೇವಾದಾರರ ಜಾಲಗಳು ಪರಸ್ಪರ ಕೂಡುವ ನಿಕ್ಸಿ ಕೇಂದ್ರ ಅಹಮದಾಬಾದಿನಲ್ಲೇ ಇದೆ. ಚಿತ್ರ, ಸಿನಿಮಾ ಕಡತಗಳನ್ನು ಹೊರಗಿಟ್ಟರೆ ಇಂಥ ಸರ್ವರಿಗೆ ದೊಡ್ಡ ಜಾಗವೂ ಬೇಡ, ದೊಡ್ಡ ಹಣವೂ ಬೇಡ. ಕನ್ನಡ, ಗುಜರಾತಿ ಸೇರಿದಂತೆ ಭಾರತೀಯ ಗುಂಪುಗಳ ಹಳೆಯ ಬರಹಗಳನ್ನು ಅಲ್ಲಿ ಕಾಪಿಡಬೇಕು; ಇಂದು ಅವು ಒಂದು ವಿದೇಶಿ ಕಂಪನಿಯ ಮರ್ಜಿಯಲ್ಲಿವೆ.

ಈ ವಿಷಯದ ಮೇಲೆ ಸಮಾಲೋಚನಾ ಪತ್ರ ಹೊರಡಿಸಿದರೆ ಮೂರೂ ನಗರಗಳಿಂದ ಪರೀಕ್ಷಾ ದಾಖಲೆಗಳನ್ನು ಒದಗಿಸಲು ಸಿದ್ಧರಿದ್ದೇವೆ. ಈ ಮನವಿ ತಲುಪಿದ್ದಕ್ಕೆ ಸ್ವೀಕೃತಿಯನ್ನು, ಸಾಧ್ಯವಾದರೆ ಕನ್ನಡದಲ್ಲೇ, ಕಳುಹಿಸಿಕೊಡಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿಗಳು ಪ್ರತ್ಯೇಕ ಹಾಳೆಗಳಲ್ಲಿವೆ)